ಎರಡು ದೇಶ ಸೇರಿ ಮಾಡುವ ಕೃಷಿ ಸಂಶೋಧನೆ: ದುಡ್ಡು ಯಾರದ್ದು, ಫಲ ಯಾರದ್ದು?

ಪ್ರಶ್ನೆ: ನಾನು ಸಸ್ಯರೋಗ ವಿಭಾಗದಲ್ಲಿ ಸಂಶೋಧನೆ ಮಾಡುತ್ತಿದ್ದೇನೆ. ಟೊಮೆಟೊ ಸೊರಗು ರೋಗ ನನ್ನ ವಿಷಯ. ಬೇರೆ ದೇಶದ ವಿಜ್ಞಾನಿಯೊಬ್ಬರು ಒಟ್ಟಿಗೆ ಅರ್ಜಿ ಹಾಕೋಣ ಎಂದಿದ್ದಾರೆ. ಇಂಥ ಜಂಟಿ ಯೋಜನೆಗೆ ಹಣ ಯಾರು ಕೊಡುತ್ತಾರೆ? ಎರಡೂ ಕಡೆಗೆ ಹೇಗೆ ಹಂಚುತ್ತಾರೆ? ಕೊನೆಗೆ ಸಿಕ್ಕಿದ ಫಲ ಯಾರಿಗೆ ಸೇರುತ್ತದೆ? ನಮ್ಮ ವಿಭಾಗದ ಹಿರಿಯರೊಬ್ಬರು, "ಅದೆಲ್ಲ ಅವರಿಗೆ ಸ್ಯಾಂಪಲ್ ಕಳಿಸುವ ಕೆಲಸ, ಸುಮ್ನೆ ಬಿಡಿ" ಅಂದರು. ಅವರ ಮಾತು ನಿಜವೇ?

ಉತ್ತರ: ನಿಮ್ಮ ಹಿರಿಯರ ಮಾತಿನಿಂದಲೇ ಶುರು ಮಾಡುತ್ತೇನೆ. ಅವರು ಹೇಳಿದ್ದು ಸುಳ್ಳಲ್ಲ. ಹಾಗಾಗುವ ಯೋಜನೆಗಳು ಇವೆ. ನಾನೂ ಅಂಥದ್ದೊಂದರಲ್ಲಿ ಇದ್ದೆ. ಎರಡು ವರ್ಷ ಮಣ್ಣು ತೆಗೆದು, ನೆರಳಲ್ಲಿ ಒಣಗಿಸಿ, ಜರಡಿ ಹಿಡಿದು, ಚೀಟಿ ಅಂಟಿಸಿ ಕಳಿಸಿದೆ. ಪ್ರಬಂಧ ಅಚ್ಚಾದಾಗ ನನ್ನ ಹೆಸರು ಏಳನೆಯದು. ತುಂಬಾ ನೋವಾಯಿತು. ಆಮೇಲೆ ಹಳೆಯ ಬಜೆಟ್ ಹಾಳೆ ತೆಗೆದು ನೋಡಿದೆ. ನಮ್ಮ ಕಡೆಗೆ ಬರೆದಿದ್ದ ಖರ್ಚು ಮೂರೇ ಬಾಬತ್ತು: ಕೂಲಿ, ಓಡಾಟ, ಪಾರ್ಸೆಲ್. ಪ್ರಯೋಗಾಲಯದ ಖರ್ಚಿಗೆ, ಸಂಶೋಧನಾ ವಿದ್ಯಾರ್ಥಿಗೆ ಒಂದು ಸಾಲೂ ಇರಲಿಲ್ಲ. ನಾವು ಸ್ಯಾಂಪಲ್ ಕಳಿಸುವವರು ಎಂದು ಆ ಹಾಳೆಯಲ್ಲಿ ಮೊದಲೇ ತೀರ್ಮಾನವಾಗಿತ್ತು. ನಾನು ಅದನ್ನು ಸರಿಯಾಗಿ ಓದದೆ ಸಹಿ ಹಾಕಿದ್ದೆ.

ಅದಕ್ಕೇ ನನ್ನ ಉತ್ತರವೆಲ್ಲ ಹಣದ ಸುತ್ತಲೇ ಇರುತ್ತದೆ. ಎಷ್ಟು ಹಣ ಅನ್ನುವುದು ಆಮೇಲಿನ ಮಾತು. ಅದು ಯಾವ ದಾರಿಯಲ್ಲಿ ಬರುತ್ತದೆ, ಯಾರ ಕೈಗೆ ಬರುತ್ತದೆ, ಯಾವ ತಿಂಗಳಲ್ಲಿ ಬರುತ್ತದೆ ಅನ್ನುವುದರ ಮೇಲೆ ನೀವು ಆ ಯೋಜನೆಯಲ್ಲಿ ಏನಾಗುತ್ತೀರಿ ಅನ್ನುವುದು ನಿಂತಿದೆ.

ಮೊದಲು ಒಂದು ಹಳೆಯ ಕಥೆ. 1880ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಕಿತ್ತಳೆ, ನಿಂಬೆ ತೋಟಗಳಿಗೆ ಹತ್ತಿ ಅಂಟಿಸಿದಂತೆ ಕಾಣುವ ಒಂದು ಬಿಳಿ ಶಲ್ಕ ಕೀಟ ಬಿದ್ದಿತ್ತು. ರೈತರು ಮರಗಳನ್ನೇ ಕಡಿಯುತ್ತಿದ್ದರು. ಕೀಟದ ತವರು ಆಸ್ಟ್ರೇಲಿಯಾ. ಅದನ್ನು ತಿನ್ನುವ ಶತ್ರು ಅಲ್ಲೇ ಇರಬೇಕಲ್ವಾ? ಹುಡುಕಲು ಆಲ್ಬರ್ಟ್ ಕೀಬೆಲೆ ಎಂಬ ಕೀಟತಜ್ಞರನ್ನು ಕಳಿಸಬೇಕಿತ್ತು. ಆದರೆ ಅಮೆರಿಕದ ಕೃಷಿ ಇಲಾಖೆಯ ಕೀಟ ವಿಭಾಗ ವಿದೇಶ ಪ್ರಯಾಣಕ್ಕೆ ಹಣ ಖರ್ಚು ಮಾಡುವಂತಿರಲಿಲ್ಲ. ಕೊನೆಗೆ ಮೆಲ್ಬರ್ನ್‌ನಲ್ಲಿ ನಡೆಯುತ್ತಿದ್ದ ಅಂತರರಾಷ್ಟ್ರೀಯ ಪ್ರದರ್ಶನಕ್ಕೆ ಹೋಗುವವರ ಪಟ್ಟಿಯಲ್ಲಿ ಅವರನ್ನು ಸೇರಿಸಿದರು. ವಿದೇಶಾಂಗ ಇಲಾಖೆಯ ದುಡ್ಡಿನಲ್ಲಿ 1888ರಲ್ಲಿ ಅವರು ಹೊರಟರು. ಅಲ್ಲಿಂದ ಅವರು ಕಳಿಸಿದ್ದು ವೆಡಾಲಿಯಾ ಎಂಬ ಸಣ್ಣ ಗುಲಗಂಜಿ ಹುಳ. ಮೊದಲ ಕೆಲವು ಪೆಟ್ಟಿಗೆಗಳಲ್ಲಿ ಬಂದದ್ದು ನೂರು ಚಿಲ್ಲರೆ ಹುಳ, ಅಷ್ಟೇ. ಒಂದೆರಡು ವರ್ಷದಲ್ಲಿ ತೋಟಗಳು ಉಳಿದವು. ಗಡಿ ದಾಟಿ ಕೃಷಿ ಸಂಶೋಧನೆ ಮಾಡಲು ಹಣದ ಸರಿಯಾದ ಬಾಬತ್ತೇ ಇಲ್ಲದ ಕಾಲ ಅದು. ಈಗ ದಾರಿಗಳು ಇವೆ. ಮುಖ್ಯವಾಗಿ ಮೂರು.

ಮೊದಲನೆಯ ದಾರಿಯಲ್ಲಿ ಅವರವರ ದೇಶದ ವಿಜ್ಞಾನಿಗೆ ಅವರವರ ಸರ್ಕಾರವೇ ಹಣ ಕೊಡುತ್ತದೆ. ಅರ್ಜಿ ಜಂಟಿ, ಜೇಬು ಬೇರೆ ಬೇರೆ. ಭಾರತ ಮತ್ತು ಆಸ್ಟ್ರೇಲಿಯಾ 2006ರಲ್ಲಿ ಶುರು ಮಾಡಿದ ಜಂಟಿ ಸಂಶೋಧನಾ ನಿಧಿ ಈ ಬಗೆಯದು. ಹಣ ಗಡಿ ದಾಟುವುದಿಲ್ಲ. ಆದ್ದರಿಂದ ವಿದೇಶಿ ಹಣದ ಅನುಮತಿ, ವಿನಿಮಯ ದರದ ತಲೆನೋವು ಕಡಿಮೆ. ಎರಡೂ ಕಡೆಯವರು ತಮ್ಮ ದುಡ್ಡು ಹಾಕಿದ್ದರಿಂದ ಯಾರೂ ಯಾರ ಆಳೂ ಆಗುವುದಿಲ್ಲ. ಇದು ನನಗೆ ಇಷ್ಟವಾದ ಗುಣ.

ಆದರೆ ತೊಂದರೆಯೂ ಇದೆ. ಒಂದೇ ಪ್ರಸ್ತಾವನೆಯನ್ನು ಎರಡು ಸಮಿತಿಗಳು ಓದುತ್ತವೆ. ಒಂದು ಕಡೆ ಒಪ್ಪಿಗೆ ಸಿಕ್ಕಿ, ಇನ್ನೊಂದು ಕಡೆ ತಿರಸ್ಕಾರವಾದರೆ ಯೋಜನೆ ಅಲ್ಲಿಗೆ ಮುಗಿಯಿತು. ಎರಡೂ ಕಡೆ ಒಪ್ಪಿದರೂ ಹಣ ಒಂದೇ ಸಲ ಬರುವುದಿಲ್ಲ. ಒಬ್ಬರ ಆರ್ಥಿಕ ವರ್ಷ ಏಪ್ರಿಲ್‌ನಲ್ಲಿ ಶುರು, ಇನ್ನೊಬ್ಬರದ್ದು ಜುಲೈನಲ್ಲಿ, ಮತ್ತೊಂದು ದೇಶದ್ದು ಅಕ್ಟೋಬರ್‌ನಲ್ಲಿ. ಜರ್ಮನಿ, ಆಸ್ಟ್ರಿಯಾ, ಸ್ವಿಟ್ಜರ್ಲೆಂಡ್ ಇದರಲ್ಲಿ ಮೊದಲನೆಯ ತೊಂದರೆಗೆ ಒಳ್ಳೆಯ ಉಪಾಯ ಮಾಡಿಕೊಂಡಿವೆ. ಯಾವ ದೇಶದಲ್ಲಿ ಕೆಲಸ ಜಾಸ್ತಿ ಇದೆಯೋ ಆ ದೇಶದ ಸಂಸ್ಥೆಯೇ ಅರ್ಜಿ ಓದಿಸಿ ತೀರ್ಮಾನಿಸುತ್ತದೆ. ಇನ್ನೊಂದು ದೇಶ ಆ ತೀರ್ಮಾನ ನಂಬಿ ತನ್ನವರ ಪಾಲು ಕೊಡುತ್ತದೆ. ನಿಮ್ಮ ಪಾಲುದಾರರ ದೇಶಕ್ಕೂ ನಿಮ್ಮ ದೇಶಕ್ಕೂ ಇಂಥ ಏರ್ಪಾಡು ಇದೆಯೇ ಎಂದು ಮೊದಲು ನೋಡಿ. ಇದ್ದರೆ ಒಂದು ವರ್ಷ ಉಳಿಯುತ್ತದೆ.

ಎರಡನೆಯ ದಾರಿಯಲ್ಲಿ ಒಂದು ದೇಶ ಹೆಚ್ಚು ಹಾಕುತ್ತದೆ, ಇನ್ನೊಂದು ಹೊಲ, ಸಿಬ್ಬಂದಿ, ಕಟ್ಟಡ ಕೊಡುತ್ತದೆ. ಜಪಾನಿನ ಸ್ಯಾಟ್ರೆಪ್ಸ್ ಕಾರ್ಯಕ್ರಮ 2008ರಲ್ಲಿ ಶುರುವಾಯಿತು. ಜಪಾನಿ ವಿಜ್ಞಾನಿಗಳ ಖರ್ಚನ್ನು ಆ ದೇಶದ ವಿಜ್ಞಾನ ಸಂಸ್ಥೆ ನೋಡಿಕೊಳ್ಳುತ್ತದೆ. ಪಾಲುದಾರ ದೇಶಕ್ಕೆ ಬೇಕಾದ ಉಪಕರಣ, ತರಬೇತಿಯ ಖರ್ಚನ್ನು ನೆರವಿನ ಸಂಸ್ಥೆ ಜೈಕಾ ನೋಡಿಕೊಳ್ಳುತ್ತದೆ. ಪಾಲುದಾರ ದೇಶದ ಸಿಬ್ಬಂದಿಯ ಸಂಬಳ ಆ ದೇಶದ್ದೇ. ಅಂದರೆ ಯಂತ್ರ ಬರುತ್ತದೆ, ಅದನ್ನು ನಡೆಸುವವರಿಗೆ ನೀವೇ ದಾರಿ ಹುಡುಕಬೇಕು. ಇದನ್ನು ಮೊದಲೇ ಯೋಚಿಸದ ಕಡೆ ಒಳ್ಳೊಳ್ಳೆಯ ಯಂತ್ರಗಳ ಮೇಲೆ ಬಟ್ಟೆ ಹೊದಿಸಿಟ್ಟಿರುವುದನ್ನು ನೋಡಿದ್ದೇನೆ.

ಆಸ್ಟ್ರೇಲಿಯಾ 1982ರಲ್ಲಿ ಕಾಯ್ದೆ ಮಾಡಿ ಏಸಿಯಾರ್ ಎಂಬ ಕೇಂದ್ರವನ್ನೇ ಕಟ್ಟಿತು. ಅಭಿವೃದ್ಧಿ ಹೊಂದುತ್ತಿರುವ ದೇಶಗಳ ಜತೆ ಕೃಷಿ ಸಂಶೋಧನೆ ಮಾಡಿಸುವುದೇ ಅದರ ಕೆಲಸ. ಅದರ ಒಂದು ಯೋಜನೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಪಂಜಾಬ್‌ನಲ್ಲಿ ಭತ್ತ ಕೊಯ್ದು ಗೋಧಿ ಬಿತ್ತಲು ಸಿಗುವುದು ಮೂರು ವಾರದಷ್ಟು ಸಮಯ. ಕೊಯ್ಲು ಯಂತ್ರ ಹೋದ ಮೇಲೆ ಹೊಲದ ತುಂಬಾ ಕೂಳೆ, ಹುಲ್ಲು. ಅದರಲ್ಲಿ ಬಿತ್ತನೆ ಯಂತ್ರ ಓಡಿಸಿದರೆ ಹುಲ್ಲು ಸಿಕ್ಕಿಕೊಳ್ಳುತ್ತದೆ. ಅದಕ್ಕೇ ಬೆಂಕಿ ಹಚ್ಚುತ್ತಾರೆ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ ನೀರಾವರಿ ಭತ್ತ ಬೆಳೆಯುವವರೂ ಕೂಳೆ ಸುಡುತ್ತಿದ್ದರು. ಹಾಗಾಗಿ ಎರಡೂ ಕಡೆಯವರಿಗೆ ತಮ್ಮದೇ ಆದ ಪ್ರಶ್ನೆ ಇತ್ತು. 2000ರ ದಶಕದ ಮೊದಲ ವರ್ಷಗಳಲ್ಲಿ ಪಂಜಾಬ್ ಕೃಷಿ ವಿಶ್ವವಿದ್ಯಾಲಯ ಮತ್ತು ಆಸ್ಟ್ರೇಲಿಯಾದ ಎಂಜಿನಿಯರ್‌ಗಳು ಸೇರಿ ಮೇವು ಕತ್ತರಿಸುವ ಯಂತ್ರವನ್ನೂ ಬಿತ್ತನೆ ಕೂರಿಗೆಯನ್ನೂ ಜೋಡಿಸಿದರು. ಅದೇ ಹ್ಯಾಪಿ ಸೀಡರ್. ಮುಂದೆ ಹುಲ್ಲು ಕತ್ತರಿಸಿ ಎತ್ತುತ್ತದೆ, ಬರಿದಾದ ಮಣ್ಣಿನಲ್ಲಿ ಗೋಧಿ ಬಿತ್ತುತ್ತದೆ, ಹುಲ್ಲನ್ನು ಮತ್ತೆ ಮೇಲೆ ಹೊದಿಕೆಯಾಗಿ ಹರಡುತ್ತದೆ. ಮೊದಲ ಮಾದರಿ ಭಾರವಾಗಿತ್ತು. ಅಲ್ಲಿನ ಸಾಮಾನ್ಯ ಟ್ರ್ಯಾಕ್ಟರ್ ಎಳೆಯಬಲ್ಲ ರೂಪಕ್ಕೆ ತರಲು ಮಾದರಿಯ ಮೇಲೆ ಮಾದರಿ ಮಾಡಬೇಕಾಯಿತು. ಆ ತಿದ್ದುಪಡಿಗಳಿಗೂ ಹಣ ಸಿಕ್ಕಿತು. ಯಂತ್ರ ತಯಾರಾಗಿದ್ದು ಅದರಿಂದ. ಮೊದಲ ಮಾದರಿ ತೋರಿಸಿ ಫೋಟೊ ತೆಗೆದು ಮುಗಿಸುವ ಯೋಜನೆಯಾಗಿದ್ದರೆ ಅದು ಶೆಡ್ಡಿನಲ್ಲೇ ಉಳಿಯುತ್ತಿತ್ತು.

ಈ ದಾರಿಯ ದೊಡ್ಡ ಅಪಾಯವೂ ಹೇಳಬೇಕು. ಹಣ ಕೊಡುವ ದೇಶದಲ್ಲಿ ಸರ್ಕಾರ ಬದಲಾದರೆ, ಮನಸ್ಸು ಬದಲಾದರೆ, ಎಲ್ಲ ನಿಲ್ಲುತ್ತದೆ. 2025ರಲ್ಲಿ ಅಮೆರಿಕ ತನ್ನ ವಿದೇಶಿ ನೆರವಿನ ಸಂಸ್ಥೆ ಯುಎಸ್ಏಡ್ ಅನ್ನು ಮುಚ್ಚಿತು. ಅದರ ಹಣದಲ್ಲಿ ಅಮೆರಿಕದ ವಿಶ್ವವಿದ್ಯಾಲಯಗಳು ಬೇರೆ ದೇಶಗಳ ಜತೆ ನಡೆಸುತ್ತಿದ್ದ ಕೃಷಿ ಪ್ರಯೋಗಾಲಯಗಳಲ್ಲಿ ಬಹುತೇಕ ಅರ್ಧಕ್ಕೆ ನಿಂತವು. ಹೊಲದಲ್ಲಿ ಪೈರು ಇತ್ತು, ಕೊಯ್ದು ತೂಕ ಹಾಕುವವರಿಗೆ ಸಂಬಳ ಇರಲಿಲ್ಲ.

ಈ ಅಪಾಯಕ್ಕೆ ಉತ್ತರವಾಗಿ ಹುಟ್ಟಿದ್ದು ಮೂರನೆಯ ದಾರಿ, ಇಡುಗಂಟು. ಅಮೆರಿಕ ಮತ್ತು ಇಸ್ರೇಲ್ 1977ರಲ್ಲಿ ಒಪ್ಪಂದ ಮಾಡಿಕೊಂಡು ಬಾರ್ಡ್ ಎಂಬ ಕೃಷಿ ಸಂಶೋಧನಾ ನಿಧಿ ಕಟ್ಟಿದವು. ಇಬ್ಬರೂ ತಲಾ 4 ಕೋಟಿ ಡಾಲರ್ ಹಾಕಿದರು. 1980ರ ದಶಕದಲ್ಲಿ ಇನ್ನಷ್ಟು ಸೇರಿಸಿ ಒಟ್ಟು 11 ಕೋಟಿ ಡಾಲರ್ ಮಾಡಿದರು. ಅಸಲು ಮುಟ್ಟುವಂತಿಲ್ಲ. ಅದರಿಂದ ಬರುವ ಆದಾಯದಲ್ಲಿ ಯೋಜನೆಗಳಿಗೆ ಹಣ. ಆಡಳಿತ ಮಂಡಳಿಯಲ್ಲಿ ಎರಡೂ ದೇಶದ ತಲಾ ಮೂವರು. ಅರ್ಜಿಯಲ್ಲಿ ಎರಡೂ ದೇಶದ ವಿಜ್ಞಾನಿಗಳು ಇರಲೇಬೇಕು. ಮೊದಲ ನಾಲ್ಕು ದಶಕಗಳಲ್ಲಿ ಅದು 1,300ಕ್ಕೂ ಹೆಚ್ಚು ಯೋಜನೆಗಳಿಗೆ 30 ಕೋಟಿ ಡಾಲರಿಗೂ ಜಾಸ್ತಿ ಕೊಟ್ಟಿದೆ. ನನ್ನ ಕಣ್ಣಿಗೆ ಇದು ಎಲ್ಲಕ್ಕಿಂತ ನ್ಯಾಯವಾದ ಏರ್ಪಾಡು. ಯಾವ ವರ್ಷದ ಬಜೆಟ್ ಭಾಷಣವೂ ಅದನ್ನು ಒಂದೇ ದಿನದಲ್ಲಿ ನಿಲ್ಲಿಸಲಾರದು.

ಆದರೆ ಇಡುಗಂಟಿಗೂ ಒಂದು ಹುಳ ಹತ್ತುತ್ತದೆ. ಲೆಕ್ಕ ಹಾಕಿ ನೋಡಿ. 11 ಕೋಟಿ ಡಾಲರಿಗೆ ಶೇ. 9 ಬಡ್ಡಿ ಬಂದರೆ ವರ್ಷಕ್ಕೆ 99 ಲಕ್ಷ. ಒಂದು ಯೋಜನೆಗೆ 3 ಲಕ್ಷ ಎಂದು ಹಿಡಿದರೆ 33 ಯೋಜನೆ. ಬಡ್ಡಿ ಶೇ. 2ಕ್ಕೆ ಇಳಿದರೆ ಬರುವುದು 22 ಲಕ್ಷ. ಆಗ ಏಳೇ ಯೋಜನೆ. ಗಂಟು ಅಷ್ಟೇ ಇದೆ, ಆದರೆ 26 ವಿಜ್ಞಾನಿ ಜೋಡಿಗಳು ಬಾಗಿಲಲ್ಲೇ ನಿಂತರು. ಇದರ ಮೇಲೆ ಹಣದುಬ್ಬರ ಬೇರೆ. 1980ರಲ್ಲಿ ಒಂದು ಡಾಲರಿಗೆ ಆಗುತ್ತಿದ್ದ ಕೆಲಸಕ್ಕೆ ಇವತ್ತು ಮೂರು ಡಾಲರಿಗೂ ಜಾಸ್ತಿ ಬೇಕು. ಬಾರ್ಡ್‌ನಲ್ಲಿ ಆದದ್ದೂ ಇದೇ ಬಗೆಯದು. ಆದಾಯ ಇಳಿದಾಗ ಎರಡೂ ಸರ್ಕಾರಗಳು ವರ್ಷ ವರ್ಷ ಬೇರೆಯಾಗಿ ಹಣ ಸೇರಿಸಬೇಕಾಯಿತು. ಇಡುಗಂಟು ಕಟ್ಟುವವರು ಮೊದಲ ದಿನವೇ ಆದಾಯದ ಒಂದು ಪಾಲನ್ನು ಅಸಲಿಗೆ ಮರಳಿ ಸೇರಿಸುವ ನಿಯಮ ಬರೆದುಕೊಳ್ಳಬೇಕು. ಇದನ್ನು ಎಷ್ಟು ಸಲ ಹೇಳಿದರೂ ಸಾಲದು.

ನಿಮ್ಮ ವಿಷಯ ಸೊರಗು ರೋಗ ಆದ್ದರಿಂದ ಈ ಎರಡು ದೇಶಗಳ ನಡುವೆ ಬೆಳೆದ ಒಂದು ಕೆಲಸ ನೆನಪಿಸುತ್ತೇನೆ. 1976ರಲ್ಲಿ ಇಸ್ರೇಲಿನ ಯಾಕೋವ್ ಕಟಾನ್ ಮತ್ತು ಜತೆಗಾರರು, ಒದ್ದೆ ಮಣ್ಣಿನ ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹೊದಿಸಿ ಬಿಸಿಲಿಗೆ ಬಿಟ್ಟರೆ ಮಣ್ಣಿನಲ್ಲಿರುವ ರೋಗದ ಶಿಲೀಂಧ್ರ ಸಾಯುತ್ತದೆ ಎಂದು ತೋರಿಸಿದರು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್‌ನಲ್ಲಿ ಜೇಮ್ಸ್ ಡಿವೇ ಮತ್ತು ಸಂಗಡಿಗರು ಅದನ್ನೇ ತಮ್ಮ ಮಣ್ಣಿನಲ್ಲಿ ಮಾಡಿ ನೋಡಿದರು. ವರ್ಟಿಸಿಲಿಯಂ ಶಿಲೀಂಧ್ರದ ಸೊರಗು ರೋಗ ಎರಡೂ ಕಡೆ ಇತ್ತು, ಕಡು ಬೇಸಿಗೆಯೂ ಇತ್ತು. ಒಂದು ಕಡೆ ಮಾತ್ರ ಮಾಡಿದ್ದರೆ "ಅದು ಅಲ್ಲಿನ ಮಣ್ಣಿಗೆ, ಅಲ್ಲಿನ ಬಿಸಿಲಿಗೆ" ಅಂದುಬಿಡಬಹುದಿತ್ತು. ಎರಡು ಕಡೆ ಒಂದೇ ಫಲ ಬಂದ ಮೇಲೆ ಹಾಗೆ ಹೇಳುವಂತಿಲ್ಲ. ಮುಂದೆ ಮೀಥೈಲ್ ಬ್ರೋಮೈಡ್ ಎಂಬ ಮಣ್ಣಿನ ವಿಷವನ್ನು ಜಗತ್ತು ಕೈಬಿಡುತ್ತಾ ಬಂದಾಗ, ಅದರ ಬದಲಿಗೆ ಮುಂದಿಟ್ಟ ದಾರಿಗಳಲ್ಲಿ ಈ ಬಿಸಿಲು ಕಾಯಿಸುವ ವಿಧಾನವೂ ಇತ್ತು.

ಈಗ ನಿಮ್ಮ ಹಿರಿಯರು ಕೇಳಬಹುದಾದ ಇನ್ನೊಂದು ಪ್ರಶ್ನೆ. ನಮ್ಮ ರೋಗ ನಾವೇ ನೋಡಿಕೊಂಡರೆ ಆಗದೇ? ಎಷ್ಟೋ ಸಲ ಆಗುತ್ತದೆ. ಹಾಗಿದ್ದಾಗ ಜಂಟಿ ಯೋಜನೆ ಬೇಡ. ಪ್ರಸ್ತಾವನೆ ಓದುವ ಸಮಿತಿಯಲ್ಲಿ ಕೂತಾಗ ನಾನು ಒಂದು ಪರೀಕ್ಷೆ ಮಾಡುತ್ತೇನೆ. ಒಂದು ದೇಶ ಮಾಡುವ ಕೆಲಸದ ಭಾಗವನ್ನು ಕೈಯಿಂದ ಮುಚ್ಚಿ ಉಳಿದದ್ದನ್ನು ಓದುತ್ತೇನೆ. ಉಳಿದದ್ದು ತಾನಾಗಿಯೇ ನಿಂತರೆ, ಆ ಪಾಲುದಾರಿಕೆ ಕಾಗದದ್ದು. ಬಿದ್ದುಹೋದರೆ, ಅದು ನಿಜವಾದ ಜಂಟಿ ಯೋಜನೆ.

ಮುಚ್ಚಿದರೆ ಬಿದ್ದುಹೋಗುವಂಥದ್ದಕ್ಕೆ ಉದಾಹರಣೆ ಗೋಧಿಯ ಕಾಂಡದ ತುಕ್ಕು ರೋಗ. 1998ರಲ್ಲಿ ಉಗಾಂಡದಲ್ಲಿ ಹೊಸ ತಳಿಯ ತುಕ್ಕು ಕಾಣಿಸಿತು. ಯುಜಿ99 ಎಂದು ಅದಕ್ಕೆ ಹೆಸರು. ಜಗತ್ತಿನ ಎಷ್ಟೋ ಗೋಧಿ ತಳಿಗಳನ್ನು ಕಾಯುತ್ತಿದ್ದ ಒಂದು ನಿರೋಧಕ ಜೀನ್ ಅದರ ಮುಂದೆ ನಿಲ್ಲಲಿಲ್ಲ. ಆ ತುಕ್ಕು ಇನ್ನೂ ಬಾರದ ದೇಶ ತನ್ನ ತಳಿಗಳನ್ನು ಎಲ್ಲಿ ಪರೀಕ್ಷಿಸಬೇಕು? ರೋಗವನ್ನು ತಂದು ಮನೆಯಲ್ಲಿ ಬಿಡುವಂತಿಲ್ಲ. ಅದಕ್ಕೆ ಬೀಜವನ್ನೇ ರೋಗ ಇರುವ ಕಡೆಗೆ ಕಳಿಸಿದರು. ಕೀನ್ಯಾದ ನ್ಜೋರೊದಲ್ಲಿ ಹಲವು ದೇಶಗಳ ಗೋಧಿಯನ್ನು ಸಾಲು ಸಾಲಾಗಿ ಬಿತ್ತಿ ತುಕ್ಕಿಗೆ ಒಡ್ಡುತ್ತಾರೆ. ಕೀನ್ಯಾದ ಹೊಲ ಇಲ್ಲದಿದ್ದರೆ ಉಳಿದವರಿಗೆ ಉತ್ತರ ಇಲ್ಲ. ಉಳಿದವರ ಬೀಜ, ಹಣ ಇಲ್ಲದಿದ್ದರೆ ಕೀನ್ಯಾಕ್ಕೆ ಅಷ್ಟು ತಳಿಗಳ ಆಯ್ಕೆ ಇಲ್ಲ.

ಇನ್ನೊಂದು, ದನಗಳ ಗಾಯದ ಹುಳದ ಕಥೆ. ಸ್ಕ್ರೂವರ್ಮ್ ನೊಣ ಜೀವಂತ ಪ್ರಾಣಿಯ ಗಾಯದಲ್ಲಿ ಮೊಟ್ಟೆ ಇಡುತ್ತದೆ. ಮರಿಹುಳ ಮಾಂಸ ತಿನ್ನುತ್ತಾ ಒಳಗೆ ಇಳಿಯುತ್ತದೆ. ಹೆಣ್ಣು ನೊಣ ಸಾಮಾನ್ಯವಾಗಿ ಒಂದೇ ಸಲ ಕೂಡುತ್ತದೆ. ಇದನ್ನು ಹಿಡಿದುಕೊಂಡು ಎಡ್ವರ್ಡ್ ನಿಪ್ಲಿಂಗ್ ಮತ್ತು ರೇಮಂಡ್ ಬುಷ್‌ಲ್ಯಾಂಡ್ ಒಂದು ಯೋಚನೆ ಮಾಡಿದರು. ವಿಕಿರಣದಿಂದ ಬಂಜೆ ಮಾಡಿದ ಗಂಡು ನೊಣಗಳನ್ನು ಲಕ್ಷಗಟ್ಟಲೆ ಬಿಟ್ಟರೆ ಹೆಣ್ಣಿನ ಮೊಟ್ಟೆ ಒಡೆಯುವುದೇ ಇಲ್ಲ. 1954ರಲ್ಲಿ ಡಚ್ಚರ ಕುರಾಸಾವ್ ದ್ವೀಪದಲ್ಲಿ ಮಾಡಿ ನೋಡಿದರು, ಕೆಲವೇ ತಿಂಗಳಲ್ಲಿ ನೊಣ ಇಲ್ಲವಾಯಿತು. ಅಮೆರಿಕ ತನ್ನ ನೆಲದಲ್ಲಿ ಎಷ್ಟು ಅಳಿಸಿದರೂ ಮೆಕ್ಸಿಕೊ ಕಡೆಯಿಂದ ಮತ್ತೆ ಬರುತ್ತಿತ್ತು. ನೊಣಕ್ಕೆ ಗಡಿ ಗೊತ್ತಿಲ್ಲವಲ್ಲ. 1972ರಲ್ಲಿ ಎರಡೂ ದೇಶ ಜಂಟಿ ಆಯೋಗ ಮಾಡಿಕೊಂಡವು. ಖರ್ಚಿನಲ್ಲಿ ಅಮೆರಿಕದ್ದು ಶೇ. 80, ಮೆಕ್ಸಿಕೊದ್ದು ಶೇ. 20. 1976ರಲ್ಲಿ ಮೆಕ್ಸಿಕೊದ ಟುಕ್ಸ್ಟ್ಲಾ ಗುಟಿಯೆರೆಸ್‌ನಲ್ಲಿ ಬಂಜೆ ನೊಣ ಸಾಕುವ ಕಾರ್ಖಾನೆ ಶುರುವಾಯಿತು. ವಾರಕ್ಕೆ 50 ಕೋಟಿ ನೊಣ ಸಾಕುವ ಶಕ್ತಿ ಅದಕ್ಕಿತ್ತು. 1991ಕ್ಕೆ ಮೆಕ್ಸಿಕೊ ನೊಣಮುಕ್ತವಾಯಿತು. ಬಂಜೆ ನೊಣಗಳ ಬೇಲಿಯನ್ನು ತಳ್ಳುತ್ತಾ ತಳ್ಳುತ್ತಾ ಪನಾಮದವರೆಗೆ ಒಯ್ದರು.

ಇಲ್ಲಿ 80:20 ಅನ್ನುವ ಪಾಲನ್ನು ಗಮನಿಸಿ. ಸಮಪಾಲು ಅಂದರೆ ಸಮಾನ ಮೊತ್ತ ಅಂತಲೇ ಆಗಬೇಕಿಲ್ಲ. ಲಾಭ ಎಷ್ಟು, ಶಕ್ತಿ ಎಷ್ಟು ಎಂದು ನೋಡಿ ಪಾಲು ಮಾಡಿಕೊಂಡಿದ್ದಾರೆ. ಆದರೆ ಮೆಕ್ಸಿಕೊ ಶೇ. 20 ಹಾಕಿತ್ತು, ಸೊನ್ನೆ ಅಲ್ಲ. ತನ್ನ ದುಡ್ಡು ಹಾಕಿದ್ದರಿಂದ ಮೇಜಿನ ಮುಂದೆ ಕುರ್ಚಿ ಸಿಕ್ಕಿತು.

ಪಿಡುಗು ಹೋಯಿತೆಂದು ಆ ಕಾರ್ಖಾನೆಯನ್ನು ಮುಂದೆ ಮುಚ್ಚಿದರು. ಪನಾಮದಲ್ಲಿದ್ದ ಇಂಥದೇ ಕಾರ್ಖಾನೆಯೊಂದೇ ಉಳಿಯಿತು. 2023ರಿಂದ ನೊಣ ಪನಾಮದ ಬೇಲಿ ದಾಟಿ ಉತ್ತರಕ್ಕೆ ಹರಡಿತು. 2024ರ ನವೆಂಬರ್‌ನಲ್ಲಿ ಮೆಕ್ಸಿಕೊದಲ್ಲಿ ಮತ್ತೆ ಸಿಕ್ಕಿತು. ಅಮೆರಿಕ ಮೆಕ್ಸಿಕೊದಿಂದ ದನ ತರಿಸುವುದನ್ನು ನಿಲ್ಲಿಸಿತು. 2025ರಲ್ಲಿ ಅದೇ ಮೆಕ್ಸಿಕೊದಲ್ಲಿ ಇನ್ನೊಂದು ಬಂಜೆ ನೊಣದ ಘಟಕ ಸಜ್ಜು ಮಾಡಲು ಅಮೆರಿಕ 2.1 ಕೋಟಿ ಡಾಲರ್ ಕೊಡುವುದಾಗಿ ಹೇಳಿತು. ರೋಗ, ಕೀಟದ ಕೆಲಸದಲ್ಲಿ ಗೆದ್ದ ಮೇಲೂ ಹಣ ಬೇಕು ಅನ್ನುವುದನ್ನು ಅರ್ಜಿ ಓದುವವರಿಗೆ ಒಪ್ಪಿಸುವುದು ಬಹಳ ಕಷ್ಟ. ಇದನ್ನು ನೋಡಿದಾಗಲೆಲ್ಲ ನನಗೆ ಬೇಸರವಾಗುತ್ತದೆ.

ಈಗ ನಿಮ್ಮ ಅರ್ಜಿಗೆ ಬರೋಣ. ಮೊದಲನೆಯದು ಕಾಲ. ಹಣಕ್ಕೆ ಆರ್ಥಿಕ ವರ್ಷ, ಬೆಳೆಗೆ ಹಂಗಾಮು. ಎರಡೂ ಹೊಂದುವುದಿಲ್ಲ. ನನ್ನದೇ ಇನ್ನೊಂದು ಯೋಜನೆಯಲ್ಲಿ ಪಾಲುದಾರರು 40 ಪೊಟ್ಟಣ ಬೀಜ ಕಳಿಸಿದರು. ಸಸ್ಯ ಆರೋಗ್ಯ ಪ್ರಮಾಣಪತ್ರ ಜತೆಗಿತ್ತು. ಆದರೆ ನಮ್ಮ ಆಮದು ಪರವಾನಗಿ ಕೇಳಿದ್ದ ಒಂದು ಹೆಚ್ಚುವರಿ ಘೋಷಣೆ, ಬೀಜ ಇಂಥ ವೈರಸ್ ಇಲ್ಲದ ತಾಕಿನದು ಎಂಬ ಒಂದೇ ಸಾಲು, ಅದರಲ್ಲಿ ಇರಲಿಲ್ಲ. ಪೊಟ್ಟಣಗಳು ಕ್ವಾರಂಟೈನ್‌ನಲ್ಲಿ ಕೂತವು. ಹೊಸ ಪತ್ರ ಬರುವಷ್ಟರಲ್ಲಿ ಬಿತ್ತನೆ ಮುಗಿದಿತ್ತು. ಹದ ಮಾಡಿಟ್ಟ ಮಡಿಗಳಲ್ಲಿ ಕಳೆ ಬೆಳೆಯಿತು. ಮೂರು ವರ್ಷದ ಯೋಜನೆ ಎರಡು ವರ್ಷದ್ದಾಯಿತು. ಆ ವರ್ಷದ ಹಣ ಖರ್ಚಾಗಲಿಲ್ಲ, ಖರ್ಚಾಗಲಿಲ್ಲ ಎಂದು ಮುಂದಿನ ಕಂತು ತಡವಾಯಿತು. ಆದ್ದರಿಂದ ಮೊದಲ ಆರು ತಿಂಗಳಿಗೆ ಹೊಲದ ಕೆಲಸವನ್ನೇ ಬರೆಯಬೇಡಿ. ಪರವಾನಗಿ, ಒಪ್ಪಂದ, ನೇಮಕಾತಿ, ಒಂದೇ ಬಗೆಯ ಅಳತೆ ಕ್ರಮ ಕೂಡಿಸಿಕೊಳ್ಳುವುದು, ಇಷ್ಟೇ ಬರೆಯಿರಿ. ಖರ್ಚಾಗದ ಹಣವನ್ನು ಮುಂದಿನ ವರ್ಷಕ್ಕೆ ಒಯ್ಯಬಹುದೇ ಎಂದು ಲಿಖಿತವಾಗಿ ಕೇಳಿ. ನಿಮ್ಮ ರೋಗಾಣುವನ್ನು ಗಡಿ ದಾಟಿಸುವುದಂತೂ ಬೀಜಕ್ಕಿಂತ ಕಷ್ಟ. ಸಾಧ್ಯವಾದರೆ ಡಿಎನ್ಎ ಮಾತ್ರ ಕಳಿಸುವಂತೆ ಕೆಲಸ ಹೊಂದಿಸಿ, ಅದಕ್ಕೂ ಅನುಮತಿ ಬೇಕೇ ಎಂದು ವಿಚಾರಿಸಿ.

ವಿನಿಮಯ ದರವೂ ಕಾಲದ ಮಾತೇ. 2016ರ ನವೆಂಬರ್‌ನಲ್ಲಿ ಈಜಿಪ್ಟ್ ತನ್ನ ಪೌಂಡನ್ನು ಮಾರುಕಟ್ಟೆಗೆ ಬಿಟ್ಟಾಗ ಡಾಲರಿನ ಎದುರು ಅದರ ಬೆಲೆ ಅರ್ಧದಷ್ಟಾಯಿತು. ಸ್ಥಳೀಯ ಹಣದಲ್ಲಿ ಅನುದಾನ ಪಡೆದು ಹೊರಗಿನ ರಾಸಾಯನಿಕ ತರಿಸುವವನ ಪಾಡು ಊಹಿಸಿ. ಹೊರಗಿನಿಂದ ಬರಬೇಕಾದ ಸಾಮಾನನ್ನು ಮೊದಲ ವರ್ಷವೇ ತರಿಸಿಬಿಡುವುದು ಒಳ್ಳೆಯದು.

ಫಲ ಯಾರದ್ದು ಎಂದು ಕೇಳಿದ್ದೀರಿ. ಇದರಲ್ಲಿ ಎರಡು ಬೇರೆ ಬೇರೆ ವಿಷಯ ಇವೆ. ನೀವು ಮೊದಲೇ ಇಟ್ಟುಕೊಂಡಿದ್ದು, ಅಂದರೆ ನಿಮ್ಮ ತಳಿ, ರೋಗಾಣು ಸಂಗ್ರಹ, ಹಳೆಯ ದತ್ತಾಂಶ. ಅದು ನಿಮ್ಮದಾಗಿಯೇ ಉಳಿಯಬೇಕು. ಅದರ ಪಟ್ಟಿಯನ್ನು ಒಪ್ಪಂದಕ್ಕೆ ಲಗತ್ತಿಸಿ. ಇನ್ನೊಂದು, ಯೋಜನೆಯಲ್ಲಿ ಹೊಸದಾಗಿ ಹುಟ್ಟಿದ್ದು. ಒಬ್ಬರೇ ಕಂಡುಹಿಡಿದರೆ ಅವರದ್ದು, ಇಬ್ಬರೂ ಸೇರಿ ಕಂಡುಹಿಡಿದರೆ ಇಬ್ಬರದ್ದು ಅನ್ನುವುದು ಸಾಮಾನ್ಯ ಪದ್ಧತಿ. ಇಬ್ಬರದ್ದು ಅಂದ ಕಡೆ ಪೇಟೆಂಟಿನ ಖರ್ಚು ಯಾರು ಕೊಡುತ್ತಾರೆ, ರಾಯಧನ ಹೇಗೆ ಹಂಚಿಕೆ ಅನ್ನುವುದನ್ನು ಆಗಲೇ ಬರೆಯಬೇಕು. ಪೇಟೆಂಟ್ ಬೇಡವೆಂದರೂ, ಎರಡೂ ದೇಶದ ರೈತರು ಪರವಾನಗಿ ಶುಲ್ಕವಿಲ್ಲದೆ ಬಳಸಬಹುದು ಎಂಬ ಸಾಲನ್ನು ಸೇರಿಸಿ. ಸಾರ್ವಜನಿಕ ಹಣದ ಕೆಲಸಕ್ಕೆ ಇದು ಬೇಕೇ ಬೇಕು ಎಂದು ನಾನು ನಂಬುತ್ತೇನೆ.

ಬೀಜ ಹಂಚಿಕೆಗೆ ಅಂತರರಾಷ್ಟ್ರೀಯ ನಿಯಮ ಇದೆ. ಆಹಾರ ಮತ್ತು ಕೃಷಿ ಸಸ್ಯಸಂಪತ್ತಿನ ಒಪ್ಪಂದ 2004ರಲ್ಲಿ ಜಾರಿಗೆ ಬಂತು. ಅದರ ಪಟ್ಟಿಯಲ್ಲಿ 64 ಬೆಳೆಗಳಿವೆ. ಅವುಗಳ ಬೀಜ ಪಡೆಯಲು ಒಂದು ಮಾದರಿ ಕರಾರಿಗೆ ಸಹಿ ಹಾಕಿದರೆ ಸಾಕು. ಆ ಬೀಜದಿಂದ ಮಾಡಿದ ಹೊಸ ತಳಿಯನ್ನು ಬೇರೆಯವರ ಸಂಶೋಧನೆಗೆ ಕೊಡದೆ ಕಟ್ಟಿಹಾಕಿ ಮಾರಿದರೆ, ಮಾರಾಟದ ಮೊತ್ತದಲ್ಲಿ ಶೇ. 30 ಕಳೆದು, ಉಳಿದದ್ದರ ಶೇ. 1.1ನ್ನು ಎಲ್ಲರಿಗೂ ಸೇರಿದ ನಿಧಿಗೆ ಕಟ್ಟಬೇಕು. ಗೋಧಿ, ಭತ್ತ ಆ ಪಟ್ಟಿಯಲ್ಲಿವೆ. ನಿಮ್ಮ ಟೊಮೆಟೊ ಇಲ್ಲ. ಆದ್ದರಿಂದ ನಿಮಗೆ ಈ ಸುಲಭದ ದಾರಿ ಸಿಗದೇ ಇರಬಹುದು. 2014ರಲ್ಲಿ ಜಾರಿಗೆ ಬಂದ ನಗೋಯಾ ಒಡಂಬಡಿಕೆಯ ಪ್ರಕಾರ, ಬೀಜ ಕೊಡುವ ದೇಶದ ಒಪ್ಪಿಗೆ, ಲಾಭ ಹಂಚಿಕೆಯ ಕರಾರು ಬೇರೆ ಬೇಕಾಗಬಹುದು. ರೋಗಾಣುವಿಗೂ ಇದೇ ಮಾತು. ಇದಕ್ಕೆ ಹಿಡಿಯುವ ತಿಂಗಳುಗಳನ್ನು ಆ ಮೊದಲ ಆರು ತಿಂಗಳಲ್ಲೇ ಸೇರಿಸಿ.

ಕೊನೆಯದಾಗಿ ಬಜೆಟ್ ಹಾಳೆ. ನಾನು ಓದದೆ ಸಹಿ ಹಾಕಿದ್ದನ್ನು ನೀವು ಓದಿ. ನಿಮ್ಮ ಕಡೆಯಲ್ಲಿ ಒಬ್ಬ ಸಂಶೋಧನಾ ವಿದ್ಯಾರ್ಥಿಗೆ ಪೂರ್ತಿ ಅವಧಿಯ ವೇತನ ಇದೆಯೇ? ಕನಿಷ್ಠ ಒಂದು ವಿಶ್ಲೇಷಣೆ ನಿಮ್ಮ ಪ್ರಯೋಗಾಲಯದಲ್ಲೇ ನಡೆಯುತ್ತದೆಯೇ, ಅದರ ರಾಸಾಯನಿಕ, ಯಂತ್ರದ ದುರಸ್ತಿಗೆ ಹಣ ಇದೆಯೇ? ಓಡಾಟ ಎರಡೂ ದಿಕ್ಕಿಗೆ ಇದೆಯೇ? ಅವರ ವಿಶ್ವವಿದ್ಯಾಲಯ ಮೇಲ್ವೆಚ್ಚ (ಕಟ್ಟಡ, ವಿದ್ಯುತ್, ಕಚೇರಿಯ ಖರ್ಚು) ಎಂದು ಎಷ್ಟು ಮುರಿದುಕೊಳ್ಳುತ್ತದೆ? ಕೆಲವು ಕಡೆ ಅದು ನೇರ ಖರ್ಚಿನ ಅರ್ಧಕ್ಕೂ ಜಾಸ್ತಿ ಇರುತ್ತದೆ. ಒಟ್ಟು ಮೊತ್ತದ ಅರ್ಧ ನಿಮ್ಮದು ಎಂದು ಬರೆದಿದ್ದರೂ, ಮೇಲ್ವೆಚ್ಚ ಕಳೆದ ಮೇಲಿನ ಅರ್ಧವೋ ಮೊದಲಿನದೋ ಎಂದು ಕೇಳಿ. ಯಾವ ಪ್ರಬಂಧಕ್ಕೆ ಯಾರು ಮೊದಲ ಲೇಖಕರು ಎಂದು ಒಂದು ಪುಟದಲ್ಲಿ ಬರೆದು ಇಬ್ಬರೂ ಸಹಿ ಹಾಕಿ.

ಪಾಲುದಾರರಿಗೆ ಹೀಗೆಲ್ಲ ಕೇಳಿದರೆ ಬೇಸರವಾಗುತ್ತದೇನೋ ಎಂದು ಹಿಂಜರಿಯಬೇಡಿ. ಒಳ್ಳೆಯ ಪಾಲುದಾರರು ಇವನ್ನೇ ನಿಮಗೂ ಕೇಳುತ್ತಾರೆ. ನೀವು ಮೊದಲ ಪತ್ರದಲ್ಲೇ ಒಂದು ವಿಷಯ ಬರೆಯಿರಿ: ನಿಮ್ಮ ಹೊಲದ ಸೊರಗು ರೋಗದ ಬಗ್ಗೆ ನಿಮಗೇ ಉತ್ತರ ಬೇಕಾದ ಒಂದು ಪ್ರಶ್ನೆ, ಅವರ ಸಹಾಯವಿಲ್ಲದೆ ಸಿಗದ ಉತ್ತರ. ಅವರದ್ದೂ ಅಂಥ ಒಂದು ಪ್ರಶ್ನೆ ಕೇಳಿ ತರಿಸಿಕೊಳ್ಳಿ. ಎರಡನ್ನೂ ಒಂದು ಹಾಳೆಯಲ್ಲಿ ಬರೆದು ನಿಮ್ಮ ಹಿರಿಯರಿಗೆ ತೋರಿಸಿ. ಬಜೆಟ್ ಹಾಳೆಯನ್ನೂ ಜತೆಗಿಡಿ. ಸ್ಯಾಂಪಲ್ ಕಳಿಸಿ ಕಳಿಸಿ ನೊಂದವರ ಕಣ್ಣಿಗೆ ನಮ್ಮ ಕಣ್ಣಿಗೆ ಬೀಳದ ಸಾಲುಗಳು ಬೇಗ ಬೀಳುತ್ತವೆ.